ಯಾರದ್ದೂ ಅಲ್ಲದ ರಕ್ತ

ಫೆಬ್ರವರಿ ೧೨

ನನ್ನ ಮುದ್ದು ಪುಟ್ಟಿಗೆ,

ಅಕ್ಕನ ಪ್ರೀತಿ, ಅದರ ಹಿಂದೆಯೇ ತಲೆಗೊಂದು ಮೊಟಕು. ಹೊಸ ಜಾಗಕ್ಕೆ ಹೋದವಳು ಒಂದೂವರೆ ಪುಟ ಬರೆದು, ಅದರಲ್ಲಿ ಅರ್ಧ ಪುಟ ಲಾರಿಯಲ್ಲಿ ಒಡೆದುಹೋದ ಕನ್ನಡಿಯ ಬಗ್ಗೆಯೇ ಬರೆದರೆ ನಾನು ತಿಳಿದುಕೊಳ್ಳುವುದಾದರೂ ಏನನ್ನು? ನನ್ನ ಉತ್ತರ ತಡವಾಯಿತು, ಒಪ್ಪಿದೆ. ಆದರೆ ದೊಡ್ಡವರು ತಡ ಮಾಡಿದರೆ ಕೆಲಸವಿತ್ತು ಎಂದು ಅರ್ಥ, ಚಿಕ್ಕವರು ತಡ ಮಾಡಿದರೆ ಸೋಮಾರಿತನ ಎಂದು ಅರ್ಥ. ಈ ಕಾನೂನು ನಾನು ಮಾಡಿದ್ದಲ್ಲ, ಮೊದಲು ಹುಟ್ಟಿದ್ದರಿಂದ ನನಗೆ ಬಂದದ್ದು.

ಫೋನಿನಲ್ಲಿ ಮಾತಾಡೋಣ ಎಂದರೆ ನೀನು ಹೋಗಿ ಸೇರಿರುವ ಆ ಹೊಸ ಕ್ವಾರಿಯ ಹಳ್ಳಕ್ಕೆ ಸಿಗ್ನಲ್ ಇಳಿಯುವುದಿಲ್ಲ. ಅಪ್ಪಿತಪ್ಪಿ ಇಳಿದರೂ ಫೋನು ನಿನ್ನ ಯಜಮಾನರ ಜೇಬಿನಲ್ಲಿ, ಅವರು ಕಲ್ಲು ಪುಡಿ ಮಾಡುವ ಮಿಷನ್ ಪಕ್ಕದಲ್ಲಿ. ನಾನು "ಊಟ ಆಯ್ತಾ" ಅಂದರೆ ಅವರು "ನಾಳಿದ್ದು" ಅನ್ನುತ್ತಾರೆ. ಅದಕ್ಕಿಂತ ಕಾಗದವೇ ವಾಸಿ. ನಾನು ನರ್ಸಿಂಗ್ ಓದಲು ಹೋದಾಗಿನಿಂದ ನಮ್ಮಿಬ್ಬರ ಜಗಳಗಳೆಲ್ಲ ಕಾಗದದಲ್ಲೇ ತೀರಿವೆಯಲ್ಲ.

ಮನೆಯಲ್ಲಿ ಎಲ್ಲ ಮಾಮೂಲು. ನಿನ್ನ ಭಾವನಿಗೆ ಮಂಡಿನೋವು, ಕೆಲಸ ಹೇಳಿದಾಗ ಮಾತ್ರ. ನನ್ನ ತಡಕ್ಕೆ ಕಾರಣ ಆ ಹಾಳು ಕೊಳವೆಗಳು. ಐವತ್ತು ದಾಟಿದ ಪ್ರತಿಯೊಬ್ಬರ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯೇ ಎಂದು ನೋಡಬೇಕು, ಇದ್ದರೆ ದೊಡ್ಡ ಕರುಳಿನ ಕ್ಯಾನ್ಸರನ್ನು ಅದು ಬೇರು ಬಿಡುವ ಮೊದಲೇ ಹಿಡಿಯಬೇಕು ಎಂದು ಸರ್ಕಾರ ಹೇಳಿ ವರ್ಷವಾಯಿತು. ಬೆರಳುದ್ದದ ಕೊಳವೆ, ಮುಚ್ಚಳಕ್ಕೆ ಅಂಟಿದ ಕಡ್ಡಿ, ಕಡ್ಡಿಯ ತುದಿಗೆ ಹತ್ತಿದಷ್ಟು ಸಾಕು. ಇದನ್ನು ನೀನು ನನ್ನ ಜೊತೆ ನಿಮ್ಮ ಕ್ವಾರಿ ಕೆಲಸದವರ ಸಾಲುಮನೆಯ ಬಾಗಿಲು ಬಾಗಿಲಿಗೂ ಬಂದು ಎಷ್ಟು ಸಲ ಹೇಳಿದ್ದೀಯೆಂದರೆ, ನಮ್ಮಿಬ್ಬರಲ್ಲಿ ಸಿಸ್ಟರ್ ಯಾರು, ಟೈಲರ್ ಯಾರು ಎಂದು ಜನಕ್ಕೇ ಗೊಂದಲವಾಗಿತ್ತು.

ಹೇಳಿ ಬಂದದ್ದೇನು? ಒಬ್ಬ ಪುಣ್ಯಾತ್ಗಿತ್ತಿ ಕೊಳವೆಯಲ್ಲಿ ಸೂಜಿ ಇಟ್ಟುಕೊಂಡಿದ್ದಳು. ಒಬ್ಬ ಯಜಮಾನರು ಖಾಲಿ ಕೊಳವೆ ವಾಪಸು ತಂದು, ನನಗೆ ಏನೂ ಕಾಯಿಲೆ ಇಲ್ಲ, ಅದಕ್ಕೇ ಏನೂ ಹಾಕಿಲ್ಲ ಅಂದರು. ನಿನ್ನ ಭಾವ ತಮ್ಮ ಕೊಳವೆಯನ್ನು ರೇಡಿಯೋ ಹಿಂದೆ ಬಚ್ಚಿಟ್ಟು, ಸಿಕ್ಕಿಬಿದ್ದಾಗ ಅದು ಯಾರದ್ದೋ ಎಂದರು. ಊಟ ಬಂದ್ ಮಾಡುತ್ತೇನೆಂದು ಹೆದರಿಸಿ ತುಂಬಿಸಿದೆ. ನಾಚಿಕೆ ಒಂದು ಕಡೆ, ಏನು ಕಾಣುತ್ತದೋ ಎಂಬ ಹೆದರಿಕೆ ಇನ್ನೊಂದು ಕಡೆ. ನಮ್ಮ ಕೈಗೆ ಕೊಡಲು ನಾಚುತ್ತಾರೆಂದು ಆರೋಗ್ಯ ಕೇಂದ್ರದ ಗೇಟಿಗೆ ಹಳದಿ ತಗಡಿನ ಪೆಟ್ಟಿಗೆ ಹೊಡೆಸಿದೆ, ಅಂಚೆ ಡಬ್ಬಿಯ ಹಾಗೆ, ಯಾರ ಮುಖವನ್ನೂ ನೋಡದೆ ಹಾಕಿ ಹೋಗಲಿ ಎಂದು. ಬಿ.ಪಿ. ಮಾತ್ರೆಗೆ ಬಂದವರ ಕೈಗೆ ಹೆಸರು ಅಂಟಿಸಿದ ಕೊಳವೆ ಕೊಟ್ಟೇ ಕಳಿಸಿದೆ. ಆದರೂ ಮೀಟಿಂಗಿನಲ್ಲಿ ಮೇಲಿನ ಸಾಹೇಬರು ನಮ್ಮ ಕೇಂದ್ರದ ಹೆಸರನ್ನು ಎಲ್ಲರಿಗಿಂತ ಕೊನೆಯಲ್ಲಿ ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಹೀಗೇ ಆದರೆ ನನ್ನನ್ನು ಬೇರೆ ಕಡೆ ಹಾಕಬೇಕಾಗುತ್ತದೆ ಎಂದರು. ಆ ದಿನ ಮನೆಗೂ ಹೋಗದೆ ನೇರ ಬಂದು ನಿನ್ನ ಹೊಲಿಗೆ ಮಿಷನ್ ಪಕ್ಕ ಕೂತು ಅತ್ತಿದ್ದೆ.

ಈಗ ಕೇಳು ಸಂತೋಷದ ಸುದ್ದಿ. ನೀವು ಸಾಮಾನು ಹೇರಿಕೊಂಡು ಹೊರಟ ಬೆಳಿಗ್ಗೆ, ಲಾರಿಯ ದೂಳು ಇನ್ನೂ ಇಳಿದಿರಲಿಲ್ಲ, ನಾನು ಮೂಗು ಒರೆಸಿಕೊಂಡು ಡ್ಯೂಟಿಗೆ ಬಂದೆ. ಪೆಟ್ಟಿಗೆಯ ಬಾಯಿ ಮುಚ್ಚಲಾರದಷ್ಟು ಕೊಳವೆಗಳು! ಸಾಲುಮನೆಯಲ್ಲಿ ನಾನು ಯಾರ್ಯಾರಿಗೆ ಕೊಟ್ಟಿದ್ದೆನೋ ಅವರೆಲ್ಲರದ್ದೂ, ಒಂದೂ ಬಿಡದೆ. ಎಲ್ಲವೂ ಒಂದೇ ರೀತಿ ಬಿಗಿಯಾಗಿ ಮುಚ್ಚಿ, ಒರೆಸಿ, ಚೊಕ್ಕಟವಾಗಿದ್ದವು. ನಾನು ಕುಣಿಯುವುದೊಂದು ಬಾಕಿ. ತಲೆ ಎತ್ತಿ ನೋಡಿದರೆ ರಸ್ತೆಯ ಆಚೆ ಸಾಲುಮನೆಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಕೈ ಬೀಸಿದೆ. ಒಬ್ಬರೂ ತಿರುಗಿ ಬೀಸಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡು ಒಳಗೆ ಬಂದೆ.

ಕೊಳವೆಗಳು ಫ್ರಿಜ್ಜಿನಲ್ಲಿವೆ. ಪರೀಕ್ಷೆಯ ಕಾರ್ಡುಗಳು ನಾಳೆ ಬರುತ್ತವಂತೆ. ಏನೇ ಆಗಲಿ, ಈ ತಿಂಗಳ ಮೀಟಿಂಗಿನಲ್ಲಿ ಸಾಹೇಬರು ನಮ್ಮ ಹೆಸರನ್ನು ಮೊದಲು ಓದುತ್ತಾರೆ. ಇದರಲ್ಲಿ ಅರ್ಧ ಪಾಲು ನಿನ್ನದು. ಹೊಸ ಮನೆಯಲ್ಲಿ ದೂಳು ಒಳಗೆ ಬರದಂತೆ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿಕೋ. ಚೆನ್ನಾಗಿರು, ನಗುನಗುತ್ತಾ ಇರು.

ನಿನ್ನ ಅಕ್ಕ


ಮಾರ್ಚ್ ೨೦

ಪುಟ್ಟಿಗೆ ಅಕ್ಕನ ನೆನಪುಗಳು.

ಈ ಸಲ ತಡಕ್ಕೆ ನಿಜವಾಗಿಯೂ ಕ್ಷಮೆ ಕೇಳುತ್ತೇನೆ, ತಮಾಷೆಗಲ್ಲ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲ ಎದ್ದೆ. ನಿನಗೆ ಸುಸ್ತು, ಹೊಸ ಊರಿನ ನೀರು ಒಗ್ಗುತ್ತಿಲ್ಲ ಎಂದು ಬರೆದಿದ್ದೀಯ. ನೀರು ಕುದಿಸಿ ಕುಡಿ, ಮಧ್ಯಾಹ್ನ ಒಂದು ಗಳಿಗೆ ಮಲಗು. ನಿನ್ನ ವಯಸ್ಸಿಗೆ ಸುಸ್ತು ಅಂದರೆ ನಾನೇನು ಮಾಡಲಿ?

ಇಲ್ಲಿ ನಡೆದದ್ದನ್ನು ಯಾರಿಗೂ ಹೇಳುವ ಹಾಗಿಲ್ಲ, ನಿನಗೆ ಹೇಳದೆ ಇರುವುದಕ್ಕೂ ಆಗುವುದಿಲ್ಲ. ಕಾರ್ಡುಗಳು ಬಂದವು. ನಮ್ಮ ಹೊಸ ಡಾಕ್ಟರು ಗೊತ್ತಲ್ಲ, ಸ್ಟೆತಸ್ಕೋಪನ್ನು ಊಟಕ್ಕೂ ಬಿಚ್ಚದ ಹುಡುಗ, ಅವರೂ ನಾನೂ ಮೇಜಿನ ಮೇಲೆ ಕಾರ್ಡುಗಳನ್ನು ಸಾಲಾಗಿ ಇಟ್ಟು ಒಂದೊಂದು ಹನಿ ಬಿಟ್ಟೆವು. ಒಂದು ಗೆರೆ ಮೂಡಿದರೆ ರಕ್ತ ಇಲ್ಲ. ಎರಡು ಮೂಡಿದರೆ ಇದೆ. ಬೇರೆ ಹಳ್ಳಿಗಳಿಂದ ಬಂದ ನಾಲ್ಕಾರು ಕೊಳವೆಗಳನ್ನು ಮೊದಲು ನೋಡಿದೆವು, ಒಂದೇ ಗೆರೆ. ನಿನ್ನ ಭಾವನದ್ದೂ ಒಂದೇ ಗೆರೆ. ನಾನು ಜೋರಾಗಿಯೇ ಹೇಳಿದೆ, ಇಷ್ಟಕ್ಕೆ ರೇಡಿಯೋ ಹಿಂದೆ ಬಚ್ಚಿಟ್ಟಿದ್ದರು ಮಹಾರಾಯರು ಅಂತ.

ಆಮೇಲೆ ಸಾಲುಮನೆಯದು. ಮೊದಲ ಕಾರ್ಡಿನಲ್ಲಿ ಎರಡನೇ ಗೆರೆ ಮೆಲ್ಲಗೆ ಎದ್ದು ಬಂತು. ಅಯ್ಯೋ ಪಾಪ, ಸದ್ಯ ಈಗಲೇ ಸಿಕ್ಕಿತು ಎಂದುಕೊಂಡೆ. ಅದರ ಪಕ್ಕದ್ದರಲ್ಲೂ ಬಂತು. ಅದರ ಪಕ್ಕದ್ದರಲ್ಲೂ. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಗೆರೆಗಳು ಒಂದರ ಹಿಂದೆ ಒಂದು, ಒಂದೇ ಬಣ್ಣದಲ್ಲಿ ಏಳುತ್ತಾ ಹೋದವು. ಡಾಕ್ಟರು ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದರು, ಬಂದು ಕೂತರು, ಮತ್ತೆ ಎದ್ದು ಹೋಗಿ ತೊಳೆದರು.

ಕಾರ್ಡುಗಳೇ ಕೆಟ್ಟಿರಬೇಕೆಂದು ಇನ್ನೊಂದು ಪೆಟ್ಟಿಗೆ ಒಡೆದೆವು. ಬೇರೆ ಹಳ್ಳಿಯವರದ್ದು ಮತ್ತೆ ಒಂದೇ ಗೆರೆ, ಸಾಲುಮನೆಯದು ಮತ್ತೆ ಎರಡು. ನೂರು ಜನರನ್ನು ಪರೀಕ್ಷೆ ಮಾಡಿದರೆ ಐದಾರು ಜನರಲ್ಲಿ ಕಾಣಬಹುದಾದದ್ದು ಇದು. ಒಂದು ಬೀದಿಯ ಜನ ಪೂರ್ತಿ ಒಳಗೊಳಗೇ ರಕ್ತ ಸುರಿಸುತ್ತಿದ್ದಾರೆ ಎಂದರೆ ಯಾರು ನಂಬುತ್ತಾರೆ? ನಲ್ಲಿಗೆ ಬರುವ ಕ್ವಾರಿ ಗುಂಡಿಯ ನೀರು ಕುಡಿಯುತ್ತಾರಲ್ಲ, ಅದರಲ್ಲಿ ಏನೋ ಇರಬೇಕು ಎಂದು ಡಾಕ್ಟರು ಬಾಟಲಿ ತುಂಬಿ ಪರೀಕ್ಷೆಗೆ ಕಳಿಸಿದರು. ನೀರು ಚೊಕ್ಕವಾಗಿದೆ ಎಂದು ಬಂತು.

ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಮಧ್ಯಾಹ್ನದ ಮೇಲೆ ಹೋದೆ. ಆಗಷ್ಟೇ ಕ್ವಾರಿಯಲ್ಲಿ ಸಿಡಿಮದ್ದಿನ ಸೈರನ್ ಕೂಗಿತ್ತು, ಎಲ್ಲರೂ ರೂಢಿಯಂತೆ ಹೊರಗೆ ಬಂದು ತಗಡಿನ ಚಪ್ಪರದ ಕೆಳಗೆ ಸದ್ದಿಗಾಗಿ ಕಾಯುತ್ತಾ ನಿಂತಿದ್ದರು. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳಿದೆ. ಹೆದರಬೇಡಿ, ರಕ್ತ ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಂತ ಅಲ್ಲ, ದೊಡ್ಡಾಸ್ಪತ್ರೆಯಲ್ಲಿ ಕ್ಯಾಮೆರಾ ಹಾಕಿ ನೋಡುತ್ತಾರೆ, ಕಾರು ನಾವೇ ಮಾಡುತ್ತೇವೆ ಎಂದೆ. ಅಳುತ್ತಾರೆ, ಬಯ್ಯುತ್ತಾರೆ, ನನ್ನದಲ್ಲ ಅನ್ನುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ.

ಯಾರೂ ಅಳಲಿಲ್ಲ ಪುಟ್ಟಿ. ಉಳಿಗಳಿಗೆ ಸಾಣೆ ಹಿಡಿಯುವ ಮಾವನಿಗೆ ಮೊದಲು ಹೇಳಿದ್ದು. ಆತ ಸುಮ್ಮನೆ ನನ್ನ ಮುಖ ನೋಡಿ, "ನಿಮ್ ತಂಗಿ ಹೇಗಿದಾಳೆ?" ಅಂದ. ಚೆನ್ನಾಗಿದ್ದಾಳೆ ಎಂದೆ. ಆಮೇಲೆ ಕೊನೇ ಮನೆ ಅಜ್ಜಿಗೆ ಹೇಳಿದೆ. ಅಜ್ಜಿ ತುಟಿ ಕಚ್ಚಿ, "ನಿಮ್ ತಂಗಿ ಹೇಗಿದಾಳೆ?" ಅಂದರು. ನಂತರ ಹೇಳಿದವರೆಲ್ಲರೂ ಅದನ್ನೇ ಕೇಳಿದರು, ಅದೇ ಮಾತಿನಲ್ಲಿ, ಅದೇ ದನಿಯಲ್ಲಿ. ನಿಮ್ಮ ಕರುಳಿನಲ್ಲಿ ರಕ್ತ ಇದೆ ಎಂದರೆ ನನ್ನ ತಂಗಿಯ ಯೋಗಕ್ಷೇಮ ಕೇಳುವ ಜನವನ್ನು ನಾನು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿಲ್ಲ. ಅಷ್ಟರಲ್ಲಿ ಸಿಡಿಮದ್ದು ಸಿಡಿಯಿತು, ನಾನು ಬೆಚ್ಚಿ ಕಿವಿ ಮುಚ್ಚಿಕೊಂಡೆ, ಅವರು ಕಣ್ಣು ಕೂಡ ಮಿಟುಕಿಸಲಿಲ್ಲ.

ನಿನ್ನನ್ನು ಎಷ್ಟು ಹಚ್ಚಿಕೊಂಡಿದ್ದರು ಎಂದು ನನಗೆ ಆಗ ಗೊತ್ತಾಯಿತು. ಬೀಗ ಹಾಕಿದ ನಿನ್ನ ಮನೆಯ ಮುಂದೆ ಈಗಲೂ ದಿನಾ ಗುಡಿಸುತ್ತಾರೆ. ಮೊನ್ನೆ ಹೆಸರು ಬರೆದುಕೊಳ್ಳಲು ಮತ್ತೆ ಹೋದಾಗ ಹೊಸಿಲ ಪಕ್ಕ ಹೊಸದಾಗಿ ಒಂದು ಕುರ್ಚಿ ಇಟ್ಟಿದ್ದರು, ಹರಿದದ್ದೇನಲ್ಲ, ಗಟ್ಟಿ ಮರದ ಒಳ್ಳೆಯ ಕುರ್ಚಿ. ಕಾಲು ನೋಯುತ್ತಿತ್ತು, ಕೂರಲು ಹೋದೆ. ಸಾಣೆ ಮಾವ ಬಂದು ನನ್ನ ಮೊಳಕೈ ಹಿಡಿದು ಮೆಲ್ಲನೆ ಪಕ್ಕಕ್ಕೆ ಸರಿಸಿ, ಬೇರೆ ಸ್ಟೂಲು ತಂದುಕೊಟ್ಟ. ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲವಂತೆ. ಯಾಕೆ ಎಂದು ಕೇಳಿದರೆ ಆತ ಪೊರಕೆ ಎತ್ತಿಕೊಂಡು ಹೋದ.

ಸುಳ್ಳು ಯಾಕೆ ಹೇಳಲಿ, ನನಗೆ ಹೆದರಿಕೆಯಾಗುತ್ತಿದೆ. ಮನೆಗೆ ಬಂದರೆ ಸೀರೆಯ ಅಂಚಿನಲ್ಲಿ ಎರಡು ಗೆರೆ, ರಸ್ತೆಯಲ್ಲಿ ಗಾಡಿಯ ಚಕ್ರದ ಎರಡು ಗೆರೆ. ನಿನ್ನೆ ನಿನ್ನ ಭಾವ ಚಪಾತಿ ಲಟ್ಟಿಸುವ ಮಣೆಯ ಮೇಲೆ ಬೆರಳಿಂದ ಸುಮ್ಮನೆ ಎರಡು ಗೆರೆ ಎಳೆದರು, ಅವರ ಮೇಲೆ ಕಿರುಚಿಬಿಟ್ಟೆ. ಪಾಪ, ಏನಾಯಿತೆಂದು ಅವರಿಗೆ ಅರ್ಥವೇ ಆಗಲಿಲ್ಲ.

ಮುಂದಿನ ವಾರದಿಂದ ಇಬ್ಬಿಬ್ಬರಂತೆ ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ. ಇಷ್ಟು ಜನರಲ್ಲಿ ಯಾರನ್ನು ಉಳಿಸಿಕೊಳ್ಳುತ್ತೇವೋ, ಯಾರನ್ನು ಕಳೆದುಕೊಳ್ಳುತ್ತೇವೋ. ಬೇಗ ಒಂದು ಕಾಗದ ಬರೆ. ನಿನ್ನ ಕೋಳಿಕಾಲಿನ ಅಕ್ಷರ ನೋಡಿದರಾದರೂ ಮನಸ್ಸು ಸ್ವಲ್ಪ ತಿಳಿಯಾಗುತ್ತದೆ. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ಅಕ್ಕ


ಜೂನ್ ೯

ಪುಟ್ಟಿಗೆ,

ಅಕ್ಕನ ಪ್ರೀತಿ. ಎರಡೂವರೆ ತಿಂಗಳಲ್ಲಿ ನಿನ್ನಿಂದ ಬಂದದ್ದು ಒಂದೇ ಒಂದು ಅಂಚೆ ಕಾರ್ಡು. ಅದರಲ್ಲಿ ಇದ್ದದ್ದು, "ಅಕ್ಕ, ಸಾಲುಮನೆಯವರೆಲ್ಲ ಹೇಗಿದ್ದಾರೆ? ಪರೀಕ್ಷೆ ಮುಗಿದ ಮೇಲೆ ತಪ್ಪದೆ ಬರೆ." ಅಷ್ಟೇ. ನೀನು ಹೇಗಿದ್ದೀಯ ಎಂದು ಒಂದು ಸಾಲು ಬೇಡವೇ? ನಾನು ಕೋಪ ಮಾಡಿಕೊಂಡು ಸುಮ್ಮನಿದ್ದೆ. ಅಷ್ಟು ದಿನ ಕೋಪ ಇಟ್ಟುಕೊಳ್ಳುವುದು ನನ್ನ ಕೈಲಾಗದ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ.

ಪರೀಕ್ಷೆಗಳು ಮುಗಿದವು. ಸಾಲುಮನೆಯವರು ಹೋದ ರೀತಿಯನ್ನು ನೀನು ನೋಡಬೇಕಿತ್ತು. ಹಿಂದಿನ ದಿನ ಹೊಟ್ಟೆ ಖಾಲಿ ಮಾಡಲು ಆ ಉಪ್ಪುಪ್ಪು ನೀರನ್ನು ಕೊಡಗಟ್ಟಲೆ ಕುಡಿಯಬೇಕು, ಮರುದಿನ ಹಿಂದಿನಿಂದ ಕ್ಯಾಮೆರಾ ಹಾಕಿಸಿಕೊಂಡು ಗೋಡೆ ನೋಡುತ್ತಾ ಮಲಗಬೇಕು. ಒಂದು ಕೊಳವೆ ತುಂಬಲು ಕುಂಟುನೆಪ ಹೇಳಿದ ಜನ ಇದಕ್ಕೆ ತುಟಿ ಪಿಟಕ್ಕೆನ್ನದೆ ಹೋದರು. ಕರೆದ ದಿನ ಕರೆದ ಹೊತ್ತಿಗೆ ತಲೆ ಬಾಚಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು ಗೇಟಿನಲ್ಲಿ ನಿಂತಿರುತ್ತಿದ್ದರು. ಕಾರು ಹತ್ತುವ ಮೊದಲು ಪ್ರತಿಯೊಬ್ಬರೂ ನಿನ್ನ ಬೀಗ ಹಾಕಿದ ಬಾಗಿಲಿನ ಮುಂದೆ ಒಂದು ಗಳಿಗೆ ನಿಂತು ಬರುತ್ತಿದ್ದರು. ಅಜ್ಜಿಯ ಜೊತೆ ನಾನೇ ಹೋಗಿದ್ದೆ. ಮಂಚದ ಮೇಲೆ ಮಲಗಿ ನನ್ನ ಕೈ ಹಿಡಿದುಕೊಂಡಿದ್ದವರು, ಅದನ್ನು ಒತ್ತಿ ಒತ್ತಿ ಏನೋ ಹೇಳಲು ಹೋಗಿ ನುಂಗಿಕೊಂಡರು. ನೋವಾಗುತ್ತಿದೆ ಎಂದುಕೊಂಡು ನಾನು ತಲೆ ಸವರಿದೆ.

ಯಾರ ಕರುಳಿನಲ್ಲೂ ಏನೂ ಇಲ್ಲ. ಸಾಣೆ ಮಾವನಿಗೆ ಪಾಲಿಪ್ ಅನ್ನುವ ಒಂದು ಚಿಕ್ಕ ಮಾಂಸದ ಮೊಳಕೆ ಇತ್ತು, ಅಲ್ಲೇ ಚಿವುಟಿ ತೆಗೆದರು, ಅದು ರಕ್ತ ಸುರಿಸುವಂಥದ್ದಲ್ಲ ಎಂದರು. ಉಳಿದವರೆಲ್ಲ ಗುಂಡುಕಲ್ಲಿನಂತೆ ಇದ್ದಾರೆ. ದೊಡ್ಡಾಸ್ಪತ್ರೆಯ ಡಾಕ್ಟರು ನಮ್ಮ ಡಾಕ್ಟರಿಗೆ ಫೋನು ಮಾಡಿ, ನಿಮ್ಮ ಊರಿನಲ್ಲಿ ಮಾಡಲು ಬೇರೆ ಕೆಲಸ ಇಲ್ಲವೇ ಎಂದು ಕೇಳಿದರಂತೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಗಾಯ ಇಲ್ಲ ಎಂದ ಮೇಲೆ ಆ ರಕ್ತ ಎಲ್ಲಿಂದ ಬಂತು? ನಮ್ಮ ಡಾಕ್ಟರಿಗೂ ನಿದ್ದೆ ಹತ್ತಲಿಲ್ಲ. ಎಲ್ಲರನ್ನೂ ಮತ್ತೆ ಕೇಂದ್ರಕ್ಕೆ ಕರೆಸಿ, ಹೊಸ ಕೊಳವೆ ಕೊಟ್ಟು, ನಮ್ಮ ಕಕ್ಕಸಿಗೇ ಕಳಿಸಿ, ನಾನು ಬಾಗಿಲಲ್ಲಿ ಪೊಲೀಸಿನ ಹಾಗೆ ನಿಂತು ತುಂಬಿಸಿದೆ. ಇದನ್ನು ಇನ್ನೊಂದು ಸಲ ಮಾಡಿಸಿದರೆ ನೌಕರಿ ಬಿಡುತ್ತೇನೆ. ಮೇಜಿನ ಮೇಲೆ ಮತ್ತೆ ಕಾರ್ಡುಗಳ ಸಾಲು. ಈ ಸಲ ಎಲ್ಲದರಲ್ಲೂ ಒಂದೇ ಗೆರೆ.

ಡಾಕ್ಟರು ನನ್ನ ಕಡೆ ತಿರುಗಿ, "ಸಿಸ್ಟರ್, ಮೊದಲು ಬಂದ ಕೊಳವೆಗಳು ಇವರದ್ದಲ್ಲ. ಎಲ್ಲದರಲ್ಲೂ ಗೆರೆ ಒಂದೇ ಬಣ್ಣದಲ್ಲಿತ್ತು, ಯಾರೋ ಒಬ್ಬರೇ ಎಲ್ಲವನ್ನೂ ತುಂಬಿದ್ದಾರೆ. ಆ ಒಬ್ಬರು ಇವರಲ್ಲಿ ಯಾರೂ ಅಲ್ಲ" ಎಂದರು.

ಪುಟ್ಟಿ, ಅವತ್ತಿನಿಂದ ನನಗೆ ಅದೇ ಯೋಚನೆ. ಇಷ್ಟು ದಿನ ಒಂದು ಬೀದಿಯ ಜನರಲ್ಲಿ ಹಂಚಿಹೋಗಿದ್ದ ಹೆದರಿಕೆ ಈಗ ಒಂದೇ ಕಡೆ ಬಂದು ಕೂತಿದೆ. ಆ ರಕ್ತ ನಿಜ. ಅದು ಯಾರದ್ದೂ ಅಲ್ಲ ಎಂದು ಹೇಗೆ ಆಗುತ್ತದೆ? ಎಲ್ಲೋ ಒಬ್ಬರು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನೀರು ಸೇದುತ್ತಿದ್ದಾರೆ, ಅಡುಗೆ ಮಾಡುತ್ತಿದ್ದಾರೆ, ನನ್ನ ಎದುರಿಗೇ ನಕ್ಕುಕೊಂಡು ಓಡಾಡುತ್ತಿದ್ದಾರೋ ಏನೋ. ಒಂದೊಂದು ದಿನ ಕಳೆದಂತೆ ಅದು ಬೆಳೆಯುತ್ತಿರಬಹುದು. ಬಿ.ಪಿ.ಗೆ ಬಂದವರ ಕೈ ಹಿಡಿದಾಗಲೆಲ್ಲ ಇವರೇನಾ, ಇವರೇನಾ ಎಂದು ಮುಖ ನೋಡುತ್ತೇನೆ. ಅವರು ಹೆದರಿ ಕೈ ಎಳೆದುಕೊಳ್ಳುತ್ತಾರೆ.

ನಿನ್ನೆ ಸಾಲುಮನೆಗೆ ಹೋಗಿ ಬೀದಿಯ ನಡುವೆ ನಿಂತು ಕೇಳಿದೆ. ಯಾರು ತುಂಬಿದ್ದು ಹೇಳಿ, ನನಗೆ ಕೋಪ ಇಲ್ಲ, ಯಾರಿಗೂ ಶಿಕ್ಷೆ ಇಲ್ಲ, ಒಂದು ಜೀವದ ಪ್ರಶ್ನೆ ಎಂದು ಬೇಡಿಕೊಂಡೆ. ಬಾಗಿಲುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಬಿಸಿಲಿನಲ್ಲಿ ಬಿಳಿ ದೂಳು, ಮುಚ್ಚಿದ ಬಾಗಿಲುಗಳು, ನಿನ್ನ ಮನೆಯ ಮುಂದೆ ಆ ಖಾಲಿ ಕುರ್ಚಿ. ಕುರ್ಚಿಯ ಮೇಲೆ ದೂಳಿರಲಿಲ್ಲ, ಯಾರೋ ಆಗತಾನೆ ಒರೆಸಿದ್ದರು. ನಾನು ಓಡುತ್ತಲೇ ವಾಪಸು ಬಂದೆ, ಈ ವಯಸ್ಸಿನಲ್ಲಿ, ಈ ಮೈಯಲ್ಲಿ.

ನೀನು ಅವರ ನಡುವೆ ವರ್ಷಗಟ್ಟಲೆ ಇದ್ದವಳು. ನನ್ನ ಹತ್ತಿರ ಬಿಡದ ಬಾಯನ್ನು ನಿನ್ನ ಹೊಲಿಗೆ ಮಿಷನ್ ಮುಂದೆ ಬಿಡುತ್ತಿದ್ದರು. ಹೊರಡುವ ಮೊದಲು ಏನಾದರೂ ಕಿವಿಗೆ ಬಿದ್ದಿತ್ತೇ? ಯಾರ ಮೇಲಾದರೂ ಅನುಮಾನ ಇದೆಯೇ? ನಿನಗೆ ಕೈ ಮುಗಿಯುತ್ತೇನೆ, ನೆನಪು ಮಾಡಿಕೊಂಡು ಕೂಡಲೇ ಬರೆ. ಹೆಸರು ಯಾರಿಗೂ ಹೇಳುವುದಿಲ್ಲ. ಆ ಮನುಷ್ಯ ಯಾರೇ ಆಗಿರಲಿ, ಬದುಕಿಸಿಕೊಳ್ಳಬೇಕೆಂದು ಹಟ ಬಂದಿದೆ.

ನಿನಗೆ, ನಿನ್ನ ಯಜಮಾನರಿಗೆ ಒಳ್ಳೆಯದಾಗಲಿ. ನಿನ್ನ ಮಿಷನ್ ಸದ್ದು ನಿಲ್ಲದಿರಲಿ. ನೂರು ಕಾಲ ಬಾಳು.

ನಿನ್ನ ಅಕ್ಕ

ತಾ.ಕ. ಜೂನ್ ೧೦, ಬೆಳಿಗ್ಗೆ.

ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಕೊನೇ ಮನೆ ಅಜ್ಜಿ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತೇ, "ಕೊಟ್ಟ ಮಾತು ಮುರೀತಾ ಇದೀನಿ. ಇನ್ನು ಇಟ್ಕೊಳ್ಳೋಕೆ ನನ್ ಕೈಲಿ ಆಗಲ್ಲ" ಅಂದರು.

ಎಲ್ಲ ಹೇಳಿದರು ಪುಟ್ಟಿ. ಸಾಲುಮನೆಯಲ್ಲಿ ಒಬ್ಬರಿಗೆ ಆಗದ್ದನ್ನು ಇನ್ನೊಬ್ಬರು ಮಾಡಿಕೊಡುವುದು ರೂಢಿಯಂತೆ. ನಲ್ಲಿಯ ಸಾಲಿನಲ್ಲಿ ಒಬ್ಬರೇ ಎಲ್ಲರ ಕೊಡ ತುಂಬುತ್ತಾರೆ, ಸಾವಿನ ಮನೆಯಲ್ಲಿ ಎಲ್ಲರ ಪರವಾಗಿ ಒಬ್ಬರು ಹೋಗಿ ಕೂರುತ್ತಾರೆ. ನೀವು ಹೊರಡುವ ಹಿಂದಿನ ದಿನ ನೀನು ಮನೆಮನೆಗೆ ಹೋಗಿ ಕೊಳವೆಗಳನ್ನು ಸೆರಗಿನಲ್ಲಿ ಕೂಡಿಸಿಕೊಂಡೆಯಂತೆ. "ನಿಮಗೆ ನಾಚಿಕೆ ಆದ್ರೆ ಇಲ್ಲಿ ಕೊಡಿ, ನಾನೇ ತುಂಬಿಕೊಡ್ತೀನಿ. ನಾನು ಚಿಕ್ಕವಳು, ಗಟ್ಟಿ ಇದೀನಿ, ಎಲ್ಲರದ್ದೂ ಚೆನ್ನಾಗೇ ಬರುತ್ತೆ. ನಮ್ಮಕ್ಕನ ಕಣ್ಣೀರೂ ನಿಲ್ಲುತ್ತೆ" ಅಂದೆಯಂತೆ. ಕೊಡ ತುಂಬಿಕೊಟ್ಟ ಹಾಗೆ ಎಂದುಕೊಂಡು ಅವರು ಕೊಟ್ಟರು. ಐವತ್ತು ಆಗದ ನಿನಗೆ ನಾನು ಕೊಳವೆಯನ್ನೇ ಕೊಟ್ಟಿರಲಿಲ್ಲ.

ಸೈರನ್ ಕೂಗಿದ ಹೊತ್ತಿನಲ್ಲಿ ನಾನು ರಕ್ತದ ಸುದ್ದಿ ಹೇಳಿದಾಗ ಅದು ಯಾರ ರಕ್ತ ಎಂದು ಆ ಬೀದಿಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ತಿಳಿದಿತ್ತು. ಕಲ್ಲಿನ ಲಾರಿಯ ಡ್ರೈವರ್ ಕೈಲಿ ನಿನಗೆ ಹೇಳಿ ಕಳಿಸಿದರು. "ಅಕ್ಕನಿಗೆ ಹೇಳಬೇಡಿ, ಅವಳ ಕೆಲಸ ಹೋಗುತ್ತೆ. ನಾನು ಇಲ್ಲೇ ತೋರಿಸ್ಕೋತೀನಿ" ಎಂದು ನೀನು ಅವರಿಂದ ಮಾತು ತೆಗೆದುಕೊಂಡೆ. ಆ ಮಾತಿಗಾಗಿ ಅವರು ಇಬ್ಬಿಬ್ಬರಾಗಿ ದೊಡ್ಡಾಸ್ಪತ್ರೆಗೆ ಹೋಗಿ ಮಲಗಿ ಬಂದರು. ಕುರ್ಚಿ, ನೀನು ವಾಸಿ ಮಾಡಿಕೊಂಡು ವಾಪಸು ಬಂದು ಕೂರಲಿ ಎಂದು ಇಟ್ಟದ್ದಂತೆ. ಮೊನ್ನೆ ನಾನು ಓಡಿ ಬಂದ ಮೇಲೆ ಆ ಡ್ರೈವರ್ ಬಂದಿದ್ದನಂತೆ. ನೀನು ಎಲ್ಲೂ ತೋರಿಸಿಕೊಂಡಿಲ್ಲ, ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಡೆಯುತ್ತೀಯ ಎಂದನಂತೆ.

ನನ್ನ ಮಾರ್ಚ್ ತಿಂಗಳ ಕಾಗದವನ್ನು ನೀನು ಹೇಗೆ ಓದಿದೆ? ಗೆರೆಗಳು ಒಂದೊಂದಾಗಿ ಎದ್ದು ಬಂದದ್ದನ್ನು ಕಥೆ ಹೇಳಿದ ಹಾಗೆ ಬರೆದಿದ್ದೆ. ಅದನ್ನು ಓದಿ, ಒಬ್ಬಳೇ ಕೂತು, ಕಾರ್ಡು ತೆಗೆದುಕೊಂಡು ಸಾಲುಮನೆಯವರು ಹೇಗಿದ್ದಾರೆ ಎಂದು ಬರೆದೆಯಲ್ಲ. ನಿನ್ನನ್ನು ಹಿಡಿದು ಬಾರಿಸಬೇಕು ಅನ್ನಿಸುತ್ತಿದೆ. ನನ್ನ ಕೆಲಸವಂತೆ! ಆ ಕೆಲಸಕ್ಕೆ ಬೆಂಕಿ ಬೀಳಲಿ.

ಡಾಕ್ಟರಿಗೆ ಎಲ್ಲ ಹೇಳಿದ್ದೇನೆ. ಬಯ್ಯಲಿಲ್ಲ. ಈಗಲೂ ತೆಗೆದುಹಾಕುವಂಥದ್ದೇ ಇರಬಹುದು, ಆದರೆ ಇನ್ನೊಂದು ವಾರವನ್ನೂ ಕಳೆಯಬೇಡಿ ಎಂದರು. ನಾಳೆಗೆ ದೊಡ್ಡಾಸ್ಪತ್ರೆಯಲ್ಲಿ ಹೇಳಿಟ್ಟಿದ್ದಾರೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ಇಷ್ಟನ್ನು ಬಾಯಿಬಿಟ್ಟು ಹೇಳಲು ಹೋದರೆ ಅಳುತ್ತೇನೆ, ನಾನು ಅತ್ತರೆ ನೀನು ನನ್ನನ್ನು ಸಮಾಧಾನ ಮಾಡಲು ಕೂರುತ್ತೀಯ, ಮತ್ತೆ ನಿನ್ನ ವಿಷಯ ಹಿಂದೆ ಬೀಳುತ್ತದೆ. ಅದಕ್ಕೇ ಇದನ್ನು ಕೈಗೆ ಕೊಟ್ಟು, ನೀನು ಓದುವಷ್ಟು ಹೊತ್ತೂ ಎದುರಿಗೆ ಸುಮ್ಮನೆ ಕೂತಿದ್ದೇನೆ. ಓದಿ ಮುಗಿಯಿತಲ್ಲ. ಏನೂ ಹೇಳಬೇಡ. ಕಲ್ಲಿನ ಲಾರಿ ಹೊರಗೆ ನಿಂತಿದೆ, ಚಪ್ಪಲಿ ಹಾಕಿಕೋ.